ವಾದ ಮಾಡುವುದನ್ನು ಕಲಿಸುವ ಶಾಲೆ ಎಲ್ಲಿದೆ?



ಚರ್ಚಾ ಕಾರ್ಯಕ್ರಮವೊಂದರ ರೆಕಾರ್ಡಿಂಗ್ ಮುಗಿದು ಸ್ಟುಡಿಯೋದ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಅಂದಿನ ವಿಷಯ ಪರೀಕ್ಷಾ ಪದ್ಧತಿ. ಭಾಗವಹಿಸಿದ್ದ ಆರು ಮಂದಿ ವಿದ್ಯಾರ್ಥಿಗಳಲ್ಲಿ ಯಾರ ದನಿ ಎಲ್ಲಕ್ಕಿಂತ ದೊಡ್ಡದಾಗಿತ್ತೋ ಅವನಿಗೇ ಹೆಚ್ಚು ಚಪ್ಪಾಳೆ ಬಿದ್ದಿತ್ತು. ಚಿತ್ರದುರ್ಗದ ಕಡೆಯಿಂದ ಬಂದಿದ್ದ, ಬಿ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಎರಡೇ ಸಲ ಮಾತನಾಡಿದ್ದಳು. ಎರಡು ಸಲವೂ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನೀವು ಹೇಳಿದ್ದಕ್ಕೆ ಆಧಾರ ಏನು?" ಉತ್ತರ ಬರಲಿಲ್ಲ, ಸಭಿಕರಿಂದ ನಗು ಬಂತು. ಕಾಲರ್ ಮೈಕ್ ಬಿಚ್ಚಿಕೊಡುತ್ತಾ ಆಕೆ ನನ್ನನ್ನು ಕೇಳಿದಳು: "ಸಾರ್, ಹಾಡು ಕಲಿಯೋಕೆ ಸಂಗೀತ ಶಾಲೆ ಇದೆ. ಸರಿಯಾಗಿ ವಾದ ಮಾಡೋದನ್ನ ಕಲಿಯೋಕೆ ಎಲ್ಲಿಗೆ ಹೋಗಬೇಕು?"

ನಾನು ವಿಜ್ಞಾನದ ಪದವೀಧರ. ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಆಂಡ್ ಗೇಟ್, ಆರ್ ಗೇಟ್‌ಗಳ ಕೋಷ್ಟಕ ಬರೆದವನು. ಆದರೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಎಲ್‌ಎಲ್.ಬಿ. ಮಾಡಮ್ಮ" ಎಂದು ಹೇಳಿ ಕಳಿಸಿಬಿಟ್ಟೆ. ಅದು ತಪ್ಪು ಉತ್ತರವೆಂದು ಮನೆ ತಲುಪುವಷ್ಟರಲ್ಲಿ ಅನ್ನಿಸಿತು. ಈ ಬರಹ ಆಕೆಗೆ ನಾನು ಕೊಡಬೇಕಾಗಿದ್ದ ಉತ್ತರ. ಅದೇ ಪ್ರಶ್ನೆ ನಿಮ್ಮದೂ ಆಗಿದ್ದರೆ ನಿಮಗೂ ಸಲ್ಲುತ್ತದೆ.

ತರ್ಕ ಬೇರೆ, ವಾದ ಬೇರೆ

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. "ಎಲ್ಲ ಲೋಹಗಳೂ ವಿದ್ಯುತ್ತನ್ನು ಹರಿಸುತ್ತವೆ, ತಾಮ್ರ ಲೋಹ, ಆದ್ದರಿಂದ ತಾಮ್ರವೂ ವಿದ್ಯುತ್ತನ್ನು ಹರಿಸುತ್ತದೆ." ಇಲ್ಲಿ ಮೊದಲ ಎರಡು ಮಾತು ನಿಜವಾದರೆ ಮೂರನೆಯದು ಸುಳ್ಳಾಗಲು ಸಾಧ್ಯವೇ ಇಲ್ಲ. ಲೋಹದ ಜಾಗದಲ್ಲಿ ಹಕ್ಕಿಯನ್ನಿಡಿ, ಹಣ್ಣನ್ನಿಡಿ, ಕಟ್ಟಡದ ಆಕಾರ ಅದೇ. ಈ ಆಕಾರವನ್ನು ಅಭ್ಯಾಸ ಮಾಡುವುದು ತರ್ಕಶಾಸ್ತ್ರ. ಗಣಿತಕ್ಕೂ ಕಂಪ್ಯೂಟರಿಗೂ ಇದು ತಳಪಾಯ.

ಆದರೆ ನಿಮ್ಮ ಮನೆಯ ಜಗಲಿಯ ಮೇಲೆ ನಡೆಯುವ ಮಾತು ಹೀಗಿರುವುದಿಲ್ಲ. "ಪಕ್ಕದ ಹೊಲದಲ್ಲಿ ಮುನ್ನೂರು ಅಡಿಗೆ ನೀರು ಸಿಕ್ಕಿದೆ. ನಮ್ಮಲ್ಲೂ ಸಿಗುತ್ತದೆ. ಬೋರ್‌ವೆಲ್ ಕೊರೆಸೋಣ" ಎಂದು ತಂದೆಯವರು ಹೇಳುತ್ತಾರೆ. ಇದು ಸರಿಯೇ, ತಪ್ಪೇ? ತಾಮ್ರದ ಉದಾಹರಣೆಯಷ್ಟು ಖಚಿತವಲ್ಲ, ಹಾಗೆಂದು ತಲೆಬುಡವಿಲ್ಲದ ಮಾತೂ ಅಲ್ಲ. ಸಾಲ ಮಾಡಬೇಕೇ ಬೇಡವೇ ಎಂಬುದು ಈ ವಾದದ ಬಲದ ಮೇಲೆ ನಿಂತಿದೆ. ಬದುಕಿನ ಹೆಚ್ಚಿನ ನಿರ್ಧಾರಗಳು ಇಂಥ ಅರೆ-ಖಚಿತ ವಾದಗಳ ಮೇಲೆಯೇ ನಡೆಯುತ್ತವೆ. ಇವುಗಳನ್ನು ತೂಗಿ ನೋಡುವ ವಿದ್ಯೆಯೇ ವಾದದ ಅಧ್ಯಯನ.

ಬ್ರಿಟನ್ನಿನ ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ 'ದಿ ಯೂಸಸ್ ಆಫ್ ಆರ್ಗ್ಯುಮೆಂಟ್' ಎಂಬ ಪುಸ್ತಕದಲ್ಲಿ ಇದಕ್ಕೊಂದು ಸರಳ ನಕ್ಷೆ ಕೊಟ್ಟರು. ನಮ್ಮ ಬೋರ್‌ವೆಲ್ಲಿಗೇ ಅದನ್ನು ಅನ್ವಯಿಸಿ ನೋಡಿ. 'ನಮ್ಮಲ್ಲೂ ನೀರು ಸಿಗುತ್ತದೆ' ಎಂಬುದು ಪ್ರತಿಪಾದನೆ. 'ಪಕ್ಕದ ಹೊಲದಲ್ಲಿ ಸಿಕ್ಕಿದೆ' ಎಂಬುದು ಆಧಾರ. ಇವೆರಡರ ನಡುವೆ ಬಾಯಿಬಿಟ್ಟು ಹೇಳದ ಸೇತುವೆಯೊಂದಿದೆ: 'ಅಕ್ಕಪಕ್ಕದ ನೆಲದಡಿ ನೀರಿನ ಸ್ಥಿತಿ ಒಂದೇ ರೀತಿ ಇರುತ್ತದೆ.' ಆ ಸೇತುವೆಗೆ ಬೆಂಬಲ ಏನು? ಗಟ್ಟಿಕಲ್ಲಿನ ಪ್ರದೇಶದಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ನಿಲ್ಲುತ್ತದೆ. ಬಿರುಕು ಪಕ್ಕದ ಹೊಲದಲ್ಲೇ ಕೊನೆಗೊಳ್ಳಬಹುದು. ಅಲ್ಲಿಗೆ ಸೇತುವೆ ಅಲುಗಾಡಿತು. ಇನ್ನು 'ಬಹುಶಃ' ಎಂಬ ಪದವನ್ನು ಎಲ್ಲಿ ಸೇರಿಸಬೇಕು, 'ಇಂಥದ್ದೊಂದು ಇದ್ದರೆ ನನ್ನ ಮಾತು ನಿಲ್ಲುವುದಿಲ್ಲ' ಎಂಬ ಅಪವಾದವನ್ನು ಎಲ್ಲಿ ಒಪ್ಪಿಕೊಳ್ಳಬೇಕು ಎಂಬುದಕ್ಕೂ ನಕ್ಷೆಯಲ್ಲಿ ಜಾಗವಿದೆ. ನೋಡಿ, ತಂದೆಯವರನ್ನು ಮೂದಲಿಸದೆಯೇ ಎಲ್ಲಿ ಪ್ರಶ್ನೆ ಕೇಳಬೇಕೆಂಬುದು ಗೊತ್ತಾಯಿತು.

ಅದೇ 1958ರಲ್ಲಿ ಬೆಲ್ಜಿಯಂನಲ್ಲಿ ಶಾಯಿಮ್ ಪೆರೆಲ್ಮನ್ ಮತ್ತು ಲೂಸಿ ಓಲ್ಬ್ರೆಕ್ಟ್ಸ್-ಟಿಟೆಕಾ ಇದೇ ದಿಕ್ಕಿನಲ್ಲಿ ಫ್ರೆಂಚ್ ಭಾಷೆಯ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. 1970ರಲ್ಲಿ ಆಸ್ಟ್ರೇಲಿಯಾದ ಚಾರ್ಲ್ಸ್ ಹ್ಯಾಂಬ್ಲಿನ್ ತರ್ಕದೋಷಗಳನ್ನೇ ವಿಷಯವಾಗಿಸಿಕೊಂಡು 'ಫ್ಯಾಲಸೀಸ್' ಬರೆದರು. ಹೊಸ ಅಧ್ಯಯನ ಕ್ಷೇತ್ರವೊಂದು ಹೀಗೆ ರೂಪುಗೊಂಡಿತು.

ನಮ್ಮ ನೆಲದ ವಾದ

'ಹೊಸ' ಎಂದೆ. ಆದರೆ ನಮಗೆ ಇದು ಹೊಸತೇನಲ್ಲ. ಗೌತಮನ ನ್ಯಾಯಸೂತ್ರಗಳು ಮಾತಿನ ಕಾಳಗವನ್ನು ಮೂರಾಗಿ ವಿಂಗಡಿಸುತ್ತವೆ. ಸತ್ಯವನ್ನು ತಿಳಿಯಲೆಂದು ಇಬ್ಬರೂ ಕೂಡಿ ನಡೆಸುವುದು ವಾದ. ಹೇಗಾದರೂ ಸರಿ, ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೇ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಮಾತನ್ನು ಕೆಡವುವುದೇ ಕೆಲಸವಾದರೆ ಅದು ವಿತಂಡ. ಇಂದು ಟೀವಿ ಪರದೆಯಲ್ಲಿ ಕಾಣುವ ಚರ್ಚೆಗಳನ್ನು ಈ ಮೂರು ಡಬ್ಬಿಗಳಿಗೆ ಹಂಚಿ ನೋಡಿ. ಮೊದಲನೆಯ ಡಬ್ಬಿ ಬೇಗ ತುಂಬುವುದಿಲ್ಲ. ನಾನೂ ಆ ಉದ್ಯೋಗದಲ್ಲೇ ಇರುವವನಾದ್ದರಿಂದ ಇದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

ನ್ಯಾಯದರ್ಶನದ ಅನುಮಾನಕ್ಕೆ ಐದು ಅಂಗ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದಂತೆ, ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಮಲೆನಾಡಿನವರು ತಕ್ಷಣ ಕೇಳಬಹುದು: "ಅದು ಹೊಗೆಯೋ, ಮಂಜೋ?" ಸರಿಯಾದ ಪ್ರಶ್ನೆ. ಕಾರಣವೇ ಅನುಮಾನಾಸ್ಪದವಾದರೆ ಅದು ಹೇತ್ವಾಭಾಸ, ಅಂದರೆ ಕಾರಣದ ವೇಷ ತೊಟ್ಟ ಅಕಾರಣ. ಇದನ್ನೇ ತಿರುಗಿಸಿ 'ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ' ಎನ್ನಲೂ ಆಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ.

ಕರ್ನಾಟಕಕ್ಕಂತೂ ಇದರ ನಂಟು ಹಳೆಯದು. ಶ್ರವಣಬೆಳಗೊಳದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಶಾಸನ, ವಾದಸಭೆಗಳಲ್ಲಿ ಗೆದ್ದ ಜೈನ ಆಚಾರ್ಯರನ್ನು ಕೊಂಡಾಡುತ್ತದೆ. ವಿಜಯನಗರ ಕಾಲದ ವ್ಯಾಸತೀರ್ಥರು ನೈಯಾಯಿಕರ ಸಿದ್ಧಾಂತಗಳನ್ನು ಪರಿಶೀಲಿಸಲೆಂದೇ 'ತರ್ಕತಾಂಡವ' ಎಂಬ ಗ್ರಂಥ ರಚಿಸಿದರು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ನಾಲ್ಕು ವಿದ್ಯೆಗಳಲ್ಲಿ ಒಂದಾಗಿ ಆನ್ವೀಕ್ಷಿಕಿಯನ್ನು, ಎಂದರೆ ಕಾರಣಗಳನ್ನಿಟ್ಟು ಪರೀಕ್ಷಿಸುವ ವಿದ್ಯೆಯನ್ನು, ಎಣಿಸುತ್ತದೆ. ಶೃಂಗೇರಿಯಲ್ಲಿ ಗಣೇಶ ಚತುರ್ಥಿಯ ಸಮಯದಲ್ಲಿ ನಡೆಯುವ ವಾಕ್ಯಾರ್ಥ ವಿದ್ವತ್ಸಭೆಯಲ್ಲಿ ನ್ಯಾಯ, ಮೀಮಾಂಸೆ, ವ್ಯಾಕರಣ, ವೇದಾಂತಗಳ ವಿದ್ವಾಂಸರು ಎದುರುಬದುರಾಗಿ ಕುಳಿತು ಸಂಸ್ಕೃತದಲ್ಲಿ ವಾದಿಸುತ್ತಾರೆ.

ನಿಮಗೆ ತೆರೆದಿರುವ ಬಾಗಿಲುಗಳು

ಈಗ ಉಪಯೋಗದ ಮಾತಿಗೆ ಬರೋಣ. ನಮ್ಮ ರಾಜ್ಯದ ಪಿಯುಸಿ ಕಲಾ ವಿಭಾಗದ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ತರ್ಕಶಾಸ್ತ್ರವೂ ಇದೆ. ಎಲ್ಲ ಕಾಲೇಜುಗಳಲ್ಲೂ ಅದನ್ನು ಕಲಿಸುವುದಿಲ್ಲ. ಸೇರುವ ಮುನ್ನ ವಿಚಾರಿಸಬೇಕು. ಸಂಸ್ಕೃತದ ದಾರಿ ಹಿಡಿಯುವವರಿಗೆ, 1876ರಲ್ಲಿ ಆರಂಭವಾದ ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜಿನಂಥ ಸಂಸ್ಥೆಗಳಿವೆ. ಹದಿನೇಳನೆಯ ಶತಮಾನದ ಅನ್ನಂಭಟ್ಟನ 'ತರ್ಕಸಂಗ್ರಹ' ಇಂದಿಗೂ ಈ ವಿದ್ಯೆಯ ಮೊದಲ ಮೆಟ್ಟಿಲು. ಮುಂದೆ ಕಾಲೇಜು ಅಧ್ಯಾಪಕರಾಗಬೇಕೆಂಬ ಆಸೆಯಿದ್ದರೆ ಇನ್ನೊಂದು ಮಾತು ನೆನಪಿಡಿ. ಯುಜಿಸಿ ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯನ್ನು, ವಿಷಯ ಯಾವುದೇ ಇರಲಿ, ಎಲ್ಲರೂ ಬರೆಯಲೇಬೇಕು. 2019ರ ಜೂನ್‌ನಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ತರ್ಕದ ಘಟಕದೊಳಗೆ ಪ್ರಮಾಣ, ವ್ಯಾಪ್ತಿ, ಹೇತ್ವಾಭಾಸಗಳೂ ಸೇರಿವೆ.

ವಿಜ್ಞಾನ, ಗಣಿತ, ಕಂಪ್ಯೂಟರ್ ಓದುವವರು ಅಸೋಸಿಯೇಷನ್ ಫಾರ್ ಲಾಜಿಕ್ ಇನ್ ಇಂಡಿಯಾ ಎಂಬ ಹೆಸರನ್ನು ಬರೆದಿಟ್ಟುಕೊಳ್ಳಿ. ತರ್ಕಶಾಸ್ತ್ರ ಮತ್ತು ಅದರ ಅನ್ವಯಗಳ ಕುರಿತು ಎರಡು ಬಗೆಯ ಕೂಟಗಳು ಇದರ ಆಶ್ರಯದಲ್ಲಿ ನಡೆಯುತ್ತ ಬಂದಿವೆ. ಒಂದು ಸಮ್ಮೇಳನ, ಇನ್ನೊಂದು ಶಾಲೆ. ಸಮ್ಮೇಳನದಲ್ಲಿ ಸಂಶೋಧಕರು ಹೊಸ ಫಲಿತಾಂಶ ಮಂಡಿಸುತ್ತಾರೆ. ಮುಂಬಯಿ, ಚೆನ್ನೈ, ದೆಹಲಿ, ಕಾನ್ಪುರಗಳಲ್ಲಿ ಅದು ನಡೆದಿದೆ. ಶಾಲೆಯಾದರೋ ಕಲಿಯುವವರಿಗಾಗಿಯೇ ಇರುವಂಥದು. ಸಾಮಾನ್ಯವಾಗಿ ಒಂದೆರಡು ವಾರ ಬೆಳಗಿನಿಂದ ಸಂಜೆಯವರೆಗೆ ಪಾಠ, ನಡುವೆ ಅಭ್ಯಾಸ. 2012ರ ಜನವರಿಯಲ್ಲಿ ಈ ಶಾಲೆ ನಮ್ಮ ಮಣಿಪಾಲದಲ್ಲೇ ನಡೆದಿತ್ತು. ಮೊದಲ ಸಲ ಹೋಗುವವರಿಗೆ ಸಮ್ಮೇಳನಕ್ಕಿಂತ ಶಾಲೆ ಮೇಲು. ಸಮ್ಮೇಳನದಲ್ಲಿ ಅರ್ಥವಾಗದಿದ್ದರೆ ಸುಮ್ಮನೆ ಕೂರಬೇಕಾದೀತು, ಶಾಲೆಯಲ್ಲಿ ಕೈ ಎತ್ತಬಹುದು.

ಪ್ರೌಢಶಾಲೆ ಮತ್ತು ಪಿಯುಸಿ ವಿದ್ಯಾರ್ಥಿಗಳಿಗೆ ಎರಡು ಒಲಿಂಪಿಯಾಡ್‌ಗಳಿವೆ. 1993ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ತತ್ತ್ವಶಾಸ್ತ್ರ ಒಲಿಂಪಿಯಾಡ್‌ನಲ್ಲಿ ನಾಲ್ಕು ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡು ನಾಲ್ಕು ಗಂಟೆಗಳಲ್ಲಿ ಪ್ರಬಂಧ ಬರೆಯಬೇಕು. ಅಲ್ಲಿ ಎಷ್ಟು ತಿಳಿದಿದೆ ಎನ್ನುವುದಕ್ಕಿಂತ ವಾದವನ್ನು ಹೇಗೆ ಕಟ್ಟಿದ್ದೀರಿ ಎನ್ನುವುದಕ್ಕೆ ಬೆಲೆ. ಎರಡನೆಯದು ಭಾಷಾವಿಜ್ಞಾನದ ಒಲಿಂಪಿಯಾಡ್. ಕೇಳರಿಯದ ಭಾಷೆಯ ಹತ್ತಾರು ವಾಕ್ಯಗಳನ್ನು ಅನುವಾದದೊಂದಿಗೆ ಕೊಡುತ್ತಾರೆ. ಅದರ ನಿಯಮವನ್ನು ನೀವು ತರ್ಕದಿಂದ ಕಂಡುಹಿಡಿಯಬೇಕು. 2016ರಲ್ಲಿ ಈ ಅಂತರರಾಷ್ಟ್ರೀಯ ಸ್ಪರ್ಧೆ ಮೈಸೂರಿನಲ್ಲೇ ನಡೆಯಿತು. ಭಾರತ ತಂಡದ ಆಯ್ಕೆಗೆ ಪಾಣಿನಿ ಭಾಷಾವಿಜ್ಞಾನ ಒಲಿಂಪಿಯಾಡ್ ಇದೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎಂದು ಬೆಳೆದ ಮಕ್ಕಳಿಗೆ ಇಂಥ ಸ್ಪರ್ಧೆ ಹೆದರಿಕೆ ಹುಟ್ಟಿಸಬೇಕಾಗಿಲ್ಲ.

ಕಡಲಾಚೆಯ ಕೂಟಗಳು

ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ದಿನಬಳಕೆಯ ತರ್ಕದ ಬಗ್ಗೆ ಮೊದಲ ವಿಚಾರ ಸಂಕಿರಣ ನಡೆಯಿತು. ಆಂಟನಿ ಬ್ಲೇರ್ ಮತ್ತು ರಾಲ್ಫ್ ಜಾನ್ಸನ್ ಇದರ ಹಿಂದಿದ್ದವರು. ಅಲ್ಲಿಂದ ಹುಟ್ಟಿದ ವಾರ್ತಾಪತ್ರ ಮುಂದೆ 'ಇನ್‌ಫಾರ್ಮಲ್ ಲಾಜಿಕ್' ಎಂಬ ವಿದ್ವತ್ ಪತ್ರಿಕೆಯಾಯಿತು. ಇದನ್ನು ಯಾರು ಬೇಕಾದರೂ ಹಣ ತೆರದೆ ಓದಬಹುದು. 2006ರಲ್ಲಿ ಅಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಬಂತು. ಮುಂದೆ ವಾದದ ಅಧ್ಯಯನದಲ್ಲೇ ಪಿಎಚ್.ಡಿ. ವ್ಯಾಸಂಗವನ್ನೂ ಆ ವಿಶ್ವವಿದ್ಯಾಲಯ ರೂಪಿಸಿತು. ಒಂಟಾರಿಯೋ ಪ್ರಾಂತ್ಯದ ವಾದಾಧ್ಯಯನ ಸಂಘ 1995ರಿಂದ ಸಮ್ಮೇಳನಗಳನ್ನು ನಡೆಸುತ್ತ ಬಂದಿದೆ. ಈ ಸಮ್ಮೇಳನದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಪ್ರಬಂಧ ಮಂಡಿಸುವವರಿಗೆ ಒಬ್ಬ ಟೀಕಾಕಾರರನ್ನು ಗೊತ್ತುಮಾಡಿರುತ್ತಾರೆ. ಅವರು ಪ್ರಬಂಧವನ್ನು ಮೊದಲೇ ಓದಿ, ಲಿಖಿತ ಉತ್ತರ ಸಿದ್ಧಪಡಿಸಿಕೊಂಡು ಬಂದು ಸಭೆಯಲ್ಲೇ ಓದುತ್ತಾರೆ. ಬಳಿಕ ಪ್ರಬಂಧವೂ ಟೀಕೆಯೂ ಒಟ್ಟಿಗೆ ಪ್ರಕಟವಾಗುತ್ತವೆ. ಎದುರು ಮಾತನ್ನು ಅವಮಾನವೆನ್ನದೆ ಮರ್ಯಾದೆಯೆಂದು ತಿಳಿಯುವ ಏರ್ಪಾಡಿದು.

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಫ್ರಾನ್ಸ್ ಫಾನ್ ಏಮೆರೆನ್ ಮತ್ತು ರಾಬ್ ಗ್ರೋಟೆನ್‌ಡೋರ್ಸ್ಟ್ ಇನ್ನೊಂದು ಪರಂಪರೆ ಕಟ್ಟಿದರು. ವಾದವೆಂದರೆ ಭಿನ್ನಾಭಿಪ್ರಾಯವನ್ನು ವಿವೇಕದಿಂದ ಬಗೆಹರಿಸಿಕೊಳ್ಳುವ ಸಂವಾದ, ಅದರ ನಿಯಮಗಳನ್ನು ಮುರಿಯುವುದೇ ತರ್ಕದೋಷ ಎಂಬುದು ಅವರ ನಿಲುವು. ಎದುರಾಳಿ ಸಂದೇಹ ವ್ಯಕ್ತಪಡಿಸುವುದನ್ನು ತಡೆಯಬಾರದು. ಆಧಾರ ಕೇಳಿದಾಗ ಕೊಡಬೇಕು. ಹೇಳದ ಮಾತನ್ನು ಎದುರಾಳಿಯ ತಲೆಗೆ ಕಟ್ಟಬಾರದು. ಅವರ ನಿಯಮಗಳು ಈ ಬಗೆಯವು. ಆ ಹುಡುಗಿ ನಮ್ಮ ಸ್ಟುಡಿಯೋದಲ್ಲಿ ಕೇಳಿದ್ದೂ ಇದನ್ನೇ ಅಲ್ಲವೇ? ಈ ಕ್ಷೇತ್ರದ ಅಂತರರಾಷ್ಟ್ರೀಯ ಸಮ್ಮೇಳನ 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆರಂಭವಾಗಿ, ಸುಮಾರು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. 2023ರದು ಲೈಡನ್‌ನಲ್ಲಿ ನಡೆಯಿತು. ಯೂರೋಪಿನ ಇನ್ನೊಂದು ಸಮ್ಮೇಳನ ಸರಣಿ 2015ರಲ್ಲಿ ಲಿಸ್ಬನ್‌ನಲ್ಲಿ ಮೊದಲಾಯಿತು.

ಶುದ್ಧ ತರ್ಕಶಾಸ್ತ್ರದತ್ತ ಒಲವಿದ್ದರೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ 'ಮಾಸ್ಟರ್ ಆಫ್ ಲಾಜಿಕ್' ಎಂಬ ಎರಡು ವರ್ಷದ ಪದವಿ ಹೆಸರಾದದ್ದು. ಗಣಿತ, ತತ್ತ್ವಶಾಸ್ತ್ರ, ಭಾಷಾವಿಜ್ಞಾನ, ಕಂಪ್ಯೂಟರ್ ವಿಜ್ಞಾನ ಅಲ್ಲಿ ಒಂದೇ ಸೂರಿನಡಿ ಸೇರುತ್ತವೆ. 1989ರಿಂದ ಯೂರೋಪಿನ ಬೇರೆಬೇರೆ ಊರುಗಳಲ್ಲಿ ತರ್ಕ, ಭಾಷೆ ಮತ್ತು ಮಾಹಿತಿಯ ಬೇಸಿಗೆ ಶಾಲೆ ನಡೆಯುತ್ತ ಬಂದಿದೆ. ಎರಡು ವಾರದ ಈ ಶಾಲೆಯಲ್ಲಿ ಪ್ರಾರಂಭಿಕ ಪಾಠಗಳೂ ಇರುತ್ತವೆ, ವಿದ್ಯಾರ್ಥಿಗಳೇ ಪ್ರಬಂಧ ಮಂಡಿಸುವ ಗೋಷ್ಠಿಯೂ ಇರುತ್ತದೆ.

ಕಂಪ್ಯೂಟರ್ ವಾದ ಮಾಡೀತೇ?

ಮೂವರು ಗೆಳೆಯರ ಮಾತು ಕೇಳಿ. ಒಬ್ಬ: "ಬಸ್ಸಿಗೆ ಹೋಗೋಣ." ಇನ್ನೊಬ್ಬ: "ಇವತ್ತು ಬಸ್ ಮುಷ್ಕರ ಕಣೋ." ಮತ್ತೊಬ್ಬ: "ಮುಷ್ಕರ ನಿನ್ನೆ ರಾತ್ರಿಯೇ ವಾಪಸಾಯ್ತು." ಎರಡನೆಯ ಮಾತು ಮೊದಲನೆಯದನ್ನು ಕೆಡವಿತು. ಮೂರನೆಯದು ಎರಡನೆಯದನ್ನು ಕೆಡವಿದ್ದರಿಂದ ಮೊದಲನೆಯದು ಮತ್ತೆ ಎದ್ದು ನಿಂತಿತು. ಯಾವ ವಾದ ಯಾವುದನ್ನು ಕೆಡವುತ್ತದೆ ಎಂಬುದನ್ನಷ್ಟೇ ಬಾಣಗಳಿಂದ ಗುರುತಿಸಿದರೆ, ಕೊನೆಗೆ ಯಾವುವು ಉಳಿಯುತ್ತವೆಂದು ಲೆಕ್ಕ ಹಾಕಬಹುದು. ವಿಯೆಟ್ನಾಂ ಮೂಲದ ಫಾನ್ ಮಿನ್ ಜುಂಗ್ 1995ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದು. ಬಾಣಗಳ ಲೆಕ್ಕವನ್ನು ಯಂತ್ರವೂ ಮಾಡಬಲ್ಲದು. ಇದರ ಸುತ್ತ ಬೆಳೆದ ಸಂಶೋಧಕರ ಸಮ್ಮೇಳನ 2006ರಲ್ಲಿ ಲಿವರ್‌ಪೂಲ್‌ನಲ್ಲಿ ಆರಂಭವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. 2019ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಬಿಎಂ ಕಂಪನಿಯ ವಾದಯಂತ್ರ ಮತ್ತು ಚರ್ಚಾಪಟು ಹರೀಶ್ ನಟರಾಜನ್ ನಡುವೆ, ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ಸಹಾಯಧನ ಕೊಡಬೇಕೇ ಎಂಬ ಬಗ್ಗೆ ಬಹಿರಂಗ ಚರ್ಚೆ ನಡೆಯಿತು. ಸಭಿಕರ ಮತದಲ್ಲಿ ಗೆದ್ದದ್ದು ಮನುಷ್ಯ. ಆ ಬಳಿಕ ಮಾತಾಡುವ ಯಂತ್ರಗಳು ಬಹಳ ಮುಂದೆ ಸಾಗಿವೆ. ಯಂತ್ರ ಸರಾಗವಾಗಿ ಹೇಳಿದ್ದೆಲ್ಲ ಸರಿಯೇ ಎಂದು ತೂಗಿ ನೋಡುವ ಹೊಣೆ ಮಾತ್ರ ನಿಮ್ಮದೇ.

ಹೋಗುವುದು ಹೇಗೆ?

ಸಮ್ಮೇಳನವೆಂದರೆ ಆಹ್ವಾನ ಬಂದವರು ಮಾತ್ರ ಹೋಗುವ ಮದುವೆಮನೆಯಲ್ಲ. ಹಲವು ತಿಂಗಳು ಮೊದಲೇ ಪ್ರಬಂಧಗಳಿಗಾಗಿ ಪ್ರಕಟಣೆ ಬರುತ್ತದೆ. ಸಾಮಾನ್ಯವಾಗಿ ಒಂದು ಪುಟದ ಸಾರಾಂಶ ಕಳಿಸಬೇಕು. ಅದರಲ್ಲಿ ನಾಲ್ಕು ಸಂಗತಿ ಇರಲಿ: ನಿಮ್ಮ ಪ್ರಶ್ನೆ ಏನು, ಈವರೆಗೆ ಯಾರು ಏನು ಹೇಳಿದ್ದಾರೆ, ನಿಮ್ಮ ಉತ್ತರವೇನು, ಆ ಉತ್ತರಕ್ಕೆ ಆಧಾರವೇನು. ಕನ್ನಡ ಪತ್ರಿಕೆಯ ಸಂಪಾದಕೀಯಗಳ ವಾದಸರಣಿಯನ್ನೋ, ನಿಮ್ಮೂರ ಗ್ರಾಮಸಭೆಯ ಚರ್ಚೆಯನ್ನೋ ವಿಶ್ಲೇಷಿಸಬಹುದು. ಅಂಥದ್ದನ್ನು ನಿಮ್ಮಷ್ಟು ಹತ್ತಿರದಿಂದ ಬಲ್ಲವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಿಗಲಾರರು. ಹಣದ ಚಿಂತೆ ನಿಜವಾದ ಚಿಂತೆ. ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ, ಪ್ರಯಾಣ ಸಹಾಯ ಇದೆಯೇ ಎಂದು ಸಂಘಟಕರಿಗೆ ಪತ್ರ ಬರೆದು ಕೇಳಲು ನಾಚಬೇಡಿ. ತತ್ತ್ವಶಾಸ್ತ್ರದ ಸಂಶೋಧಕರಿಗೆ ಭಾರತೀಯ ತತ್ತ್ವಶಾಸ್ತ್ರ ಸಂಶೋಧನಾ ಪರಿಷತ್ತು ಶಿಷ್ಯವೇತನಗಳನ್ನು ಕೊಡುತ್ತ ಬಂದಿದೆ.

ಒಂದು ಎಚ್ಚರಿಕೆ. ನನ್ನ ಪರಿಚಯದ ಅಧ್ಯಾಪಕರೊಬ್ಬರು ಸಾರಾಂಶ ಕಳಿಸಿದ ಎರಡೇ ದಿನಕ್ಕೆ 'ಅಂತರರಾಷ್ಟ್ರೀಯ ಸಮ್ಮೇಳನ'ವೊಂದರಿಂದ ಅಭಿನಂದನೆ ಬಂತು. ಜೊತೆಗೆ ದೊಡ್ಡ ಮೊತ್ತದ ಶುಲ್ಕದ ಸೂಚನೆಯೂ ಬಂತು. ಹಣ ಕಟ್ಟಿ ಹೋದರೆ, ಹೋಟೆಲಿನ ಒಂದು ಕೋಣೆಯಲ್ಲಿ ಹನ್ನೊಂದು ಮಂದಿ, ಪ್ರಶ್ನೆ ಕೇಳುವವರು ಯಾರೂ ಇಲ್ಲ. ಯಾರು ಪರಿಶೀಲಿಸುತ್ತಾರೆ, ಹಿಂದಿನ ಸಮ್ಮೇಳನಗಳ ಪ್ರಬಂಧಗಳು ಎಲ್ಲಿವೆ, ಯಾವ ವಿಶ್ವವಿದ್ಯಾಲಯ ಹೊಣೆ ಹೊತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿ. ಆಧಾರ ಕೇಳುವ ವಿದ್ಯೆಯನ್ನು ಅಲ್ಲಿಂದಲೇ ಆರಂಭಿಸಿ.

ಒಂದು ಕಪ್ಪಿನ ಕಥೆ

ಕೊನೆಗೆ ನನ್ನದೇ ಒಂದು ಮಾತು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆಯ ಕಪ್ಪು ನನಗೆ ಬಂತು. ವಿಷಯ ದೊಡ್ಡ ಅಣೆಕಟ್ಟುಗಳು. ಎದುರಿಗಿದ್ದ ಹುಡುಗ ಮುಳುಗಡೆಯಾದ ಊರಿನವನು, ಗ್ರಂಥಾಲಯದಲ್ಲಿ ಕುಳಿತು ಅಂಕಿಅಂಶ ಬರೆದುಕೊಂಡು ಬಂದಿದ್ದ. ನಾನು ಅವನ ಅಂಕಿಅಂಶದ ತಂಟೆಗೆ ಹೋಗಲಿಲ್ಲ. ಅವನು ತಡವರಿಸಿ ಮಾತನಾಡುವ ರೀತಿಯನ್ನು ಅಣಕಿಸಿದೆ. ಸಭೆ ನಕ್ಕಿತು, ಅವನು ಕುಳಿತ. ಗೌತಮನ ಲೆಕ್ಕದಲ್ಲಿ ಅದು ಜಲ್ಪವೂ ಹೌದೋ ಅಲ್ಲವೋ! ಕಪ್ಪು ಇಂದಿಗೂ ಮನೆಯ ಅಲಮಾರಿಯಲ್ಲಿದೆ. ಅವನು ಕೊಟ್ಟ ಅಂಕಿಗಳಲ್ಲಿ ಒಂದೂ ನನಗೆ ನೆನಪಿಲ್ಲ. ಕೇಳಿಸಿಕೊಂಡಿದ್ದರೆ ತಾನೇ ನೆನಪಿರುವುದು? ಸ್ಟುಡಿಯೋದಲ್ಲಿ ಆ ಹುಡುಗಿಯನ್ನು ನೋಡಿ ಸಭಿಕರು ನಕ್ಕಾಗ ನನಗೆ ಆ ಸಭೆಯ ನಗುವೇ ಕೇಳಿಸಿತು.

ಜನವರಿ 14 ವಿಶ್ವ ತರ್ಕ ದಿನ. ಯುನೆಸ್ಕೋ 2019ರಲ್ಲಿ ಇದನ್ನು ಘೋಷಿಸಿತು. ಆಲ್‌ಫ್ರೆಡ್ ಟಾರ್ಸ್ಕಿ ಹುಟ್ಟಿದ್ದು 1901ರ ಜನವರಿ 14ರಂದು, ಕರ್ಟ್ ಗೋಡೆಲ್ ತೀರಿಕೊಂಡದ್ದು 1978ರ ಜನವರಿ 14ರಂದು. ಇಬ್ಬರೂ ಇಪ್ಪತ್ತನೆಯ ಶತಮಾನದ ಮಹಾ ತರ್ಕಶಾಸ್ತ್ರಜ್ಞರು. ನಮಗೆ ಅದು ಸಂಕ್ರಾಂತಿಯ ಹೊತ್ತು. ಎಳ್ಳು ಬೆಲ್ಲ ಕೈಗಿಟ್ಟು, ತಿಂದು ಒಳ್ಳೆಯ ಮಾತಾಡು ಎನ್ನುವ ಹಬ್ಬ. ಅದರ ಹಿಂದಿನ ಅಥವಾ ಮುಂದಿನ ವಾರ ನಿಮ್ಮ ಕಾಲೇಜಿನಲ್ಲಿ ಒಂದು ಸಣ್ಣ ಕೂಟ ಸೇರಿಸಿ. ಹತ್ತು ಜನ ಸಾಕು, ಬ್ಯಾನರ್ ಬೇಡ, ಮುಖ್ಯ ಅತಿಥಿಯೂ ಬೇಡ. ಒಂದೇ ನಿಯಮವಿರಲಿ: ಉತ್ತರ ಕೊಡುವ ಮೊದಲು, ಎದುರಿನವರ ಮಾತನ್ನು ಅವರೇ "ಹೌದು, ನಾನು ಹೇಳಿದ್ದು ಇದನ್ನೇ" ಎನ್ನುವಂತೆ ಹೇಳಿ ತೋರಿಸಬೇಕು.

ಚಿತ್ರದುರ್ಗದ ಕಡೆಯ ಆ ತಂಗಿ ಈ ಪುಟವನ್ನು ಓದಿದರೆ ಒಂದು ಮಾತು. ಅಂದು ನಾನು ಅವಸರದಲ್ಲಿ ಏನೋ ಹೇಳಿದೆ. ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು, ಎರಡು ಸಲವೂ.